ಕಂಠದವರೆಗೆ ತುಂಬಿದ ಬಾಟಲಿ

ಈ ಬೆಳಗ್ಗೆ ಫೋಟೊ ತೊಳೆಯುವ ಡೆವಲಪರ್ ದ್ರವವನ್ನು ಹೊಸದಾಗಿ ಕಲಸಿದೆ. ಕುದಿಸಿ ಆರಿಸಿದ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸಿ, ಗಾಜಿನ ಕಡ್ಡಿಯಲ್ಲಿ ನಿಧಾನಕ್ಕೆ ತಿರುವಬೇಕು. ರಭಸವಾಗಿ ತಿರುವಿದರೆ ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಕೆಲಸ ಮುಗಿಸಿ ಬೆರಳು ಮೂಸಿದರೆ ಮಳೆಯಲ್ಲಿ ನೆನೆದ ಕಬ್ಬಿಣದ ಸರಳಿನಂಥ ವಾಸನೆ. ಈ ವಾಸನೆಗೆ ನನಗೆ ಬೇರೆ ಯಾವ ಕಾಲವೂ ನೆನಪಾಗುವುದಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಆಷಾಢ, ಅದರ ಹಿಂದೆಯೇ ಬಂದ ಶ್ರಾವಣ, ಅಷ್ಟೇ. ಅದರೊಳಗೆ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಳ್ಳುತ್ತಾನೆ. ಪಾಠ ಮಾಡುತ್ತಿರುವಾಗ, ಬಸ್ಸಿನಲ್ಲಿ ಕೂತಿರುವಾಗ, ಅನ್ನಕ್ಕೆ ಸಾರು ಕಲಸುತ್ತಿರುವಾಗ ಅವನು ಮತ್ತೆ ಮತ್ತೆ ಕೈ ಎತ್ತುತ್ತಲೇ ಇರುತ್ತಾನೆ.

ನಮ್ಮ ಚಿಕ್ಕಪ್ಪ ನಾರಾಯಣಪ್ಪನವರ ಸ್ಟುಡಿಯೋ ಶಿಡ್ಲಘಟ್ಟದ ಮುಖ್ಯರಸ್ತೆಯಲ್ಲಿದೆ. ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳು. ಗೂಡು ಬೇಯುವ ನಾತ ಬೆಳಗಾಗುತ್ತಲೇ ಗೋಡೆ ದಾಟಿ ಬರುತ್ತದೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಚಿಕ್ಕಪ್ಪನ ಬಳಿ ಉಳಿದದ್ದು ಪಾಸ್‌ಪೋರ್ಟ್ ಫೋಟೊ ಮತ್ತು ನಾಮಕರಣ. ಆದರೆ ಡಾರ್ಕ್‌ರೂಮನ್ನು ಅವರು ಮುಚ್ಚಲಿಲ್ಲ. ಅಷ್ಟರಲ್ಲಿ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವ ಹುಡುಗ ಹುಡುಗಿಯರು ಹಳೆಯ ಕ್ಯಾಮೆರಾ ಹಿಡಿಯುವುದು ಶುರುವಾಯಿತು. ಫಿಲ್ಮ್ ತೊಳೆದುಕೊಡುವವರು ಯಾರಿದ್ದಾರೆ ಎಂದು ಹುಡುಕಿಕೊಂಡು ಬಂದರು. ಚಿಂತಾಮಣಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿಯಾದ ನಾನು ಸಂಜೆ ಹೊತ್ತು ಅವರ ಜೊತೆಗೆ ನಿಂತೆ.

ಕಲಸಿದ ಡೆವಲಪರ್‌ಗೆ ಶತ್ರು ಗಾಳಿ. ತಾಜಾ ಇದ್ದಾಗ ಅದು ನೀರಿನಷ್ಟೇ ತಿಳಿ. ಬಾಟಲಿಯ ಕತ್ತಿನಲ್ಲಿ ಸ್ವಲ್ಪ ಗಾಳಿ ಉಳಿದರೂ ಬರಬರುತ್ತಾ ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಾಫಿ ಡಿಕಾಕ್ಷನ್ ಆಗುತ್ತದೆ. ಅದರಲ್ಲಿ ಮುಳುಗಿಸಿದ ಫಿಲ್ಮ್ ಖಾಲಿಯಾಗಿಯೇ ಹೊರಗೆ ಬರುತ್ತದೆ. ಅದರ ಮೇಲಿದ್ದ ಚಿತ್ರ ಮತ್ತೆ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ದೊಡ್ಡ ಕ್ಯಾನಿನಲ್ಲಿ ಇಟ್ಟು ಆಗಾಗ ಬಗ್ಗಿಸಿಕೊಳ್ಳುವಂತಿಲ್ಲ. ಸಣ್ಣ ಬಾಟಲಿಗಳಲ್ಲಿ ಬಾಯಿತನಕ ತುಂಬಿಡಬೇಕು, ಒಂದನ್ನು ತೆರೆದರೆ ಅದನ್ನು ಅವತ್ತೇ ಮುಗಿಸಬೇಕು. ಚಿಕ್ಕಪ್ಪ ಇದಕ್ಕೆ ಆರಿಸಿಕೊಂಡದ್ದು ಗುಜರಿಯಲ್ಲಿ ಸಿಗುವ ಕಂದು ಗಾಜಿನ ಬ್ರಾಂದಿ ಕ್ವಾರ್ಟರ್ ಬಾಟಲಿಗಳನ್ನು. ಬೆಳಕು ತಡೆಯುತ್ತವೆ, ಬಿರಡೆ ಬಿಗಿಯಾಗಿ ಕೂರುತ್ತದೆ, ಒಂದು ಬಾಟಲಿಗೆ ಅಷ್ಟೇ ನೀರು ಬೆರೆಸಿದರೆ ಒಂದು ರೋಲಿಗೆ ಸರಿಹೋಗುತ್ತದೆ. ತುಂಬಿದ ಮೇಲೂ ಕತ್ತಿನಲ್ಲಿ ಜಾಗ ಉಳಿದರೆ ಒಂದೋ ಎರಡೋ ಗೋಲಿ ಬಿಡುತ್ತಿದ್ದರು. ದ್ರವ ಮೇಲೇರಿ ಬಾಯಿ ಮುಟ್ಟುತ್ತಿತ್ತು. ಆ ಗೋಲಿಗಳು ಎದುರಿಗೆ ಗಾಡಿ ಇಟ್ಟಿರುವ ಗೋಲಿಸೋಡಾ ಖಾದರ್ ಸಾಬರು ಕೊಟ್ಟವು, ಒಡೆದ ಸೋಡಾ ಬಾಟಲಿಗಳವು.

ಬಾಟಲಿ ತೊಳೆಯುವುದು ಚಿಕ್ಕಮ್ಮನ ಪಾಲಿಗೆ ಬರುತ್ತಿತ್ತು. "ನನ್ ಗಂಡ ಕುಡಿಯೋದು ಬಟರ್ ಮಿಲ್ಕು, ನಾನು ತೊಳಿಯೋದು ಬ್ರಾಂದಿ ಬಾಟ್ಲಿ. ಯಾರಾನ ನೋಡಿದ್ರೆ ಏನಂದ್ಕೊಂಡಾರು?" ಎನ್ನುತ್ತಿದ್ದರು.

"ಅಂದ್ಕೊಳ್ಲಿ ಬಿಡು. ನಮ್ ಮನೇಗೂ ಒಂದಿಷ್ಟು ಹೆಸರು ಬೇಡ್ವಾ?" ಎಂದು ಚಿಕ್ಕಪ್ಪ ನಗುತ್ತಿದ್ದರು.

ತುಂಬಿದ ಬಾಟಲಿಗಳನ್ನು ಡಾರ್ಕ್‌ರೂಮಿನ ಮೂಲೆಯಲ್ಲಿ ಮರಳು ಹರಡಿದ ತೊಟ್ಟಿಯಲ್ಲಿ ನಿಲ್ಲಿಸಿ, ಬೆಳಗ್ಗೆ ಬೆಳಗ್ಗೆ ಮರಳಿಗೆ ನೀರು ಚಿಮುಕಿಸುತ್ತಿದ್ದೆವು. ನಮ್ಮ ಬಿಸಿಲುಸೀಮೆಯಲ್ಲಿ ಅದೇ ತಣ್ಣನೆಯ ಜಾಗ. ಆ ವರ್ಷ ಆಷಾಢಕ್ಕೆ ಮುಂಚೆ ಚಿಕ್ಕಪ್ಪನೇ ಕೂತು ಒಂದು ಸಾಲು ಬಾಟಲಿ ತುಂಬಿಸಿದ್ದರು.

ಗೌರಿಬಿದನೂರು ತಾಲ್ಲೂಕಿನಲ್ಲಿ, ತೊಂಡೇಬಾವಿಯಿಂದ ಇನ್ನೂ ಒಳಗೆ, ಒಂದು ಗುಡ್ಡದ ಬುಡದಲ್ಲಿ ವೀರಗಲ್ಲುಗಳಿದ್ದವು. ಗುಡ್ಡದ ಹಿಂಭಾಗವನ್ನು ಜಲ್ಲಿ ಕ್ರಷರ್ ತಿನ್ನುತ್ತಿತ್ತು. ಅದು ಮುಂಭಾಗಕ್ಕೆ ಬರುವ ಮೊದಲು ಆ ಕಲ್ಲುಗಳನ್ನು ಫಿಲ್ಮಿನಲ್ಲಿ ಹಿಡಿಯಬೇಕೆಂಬುದು ಚಿಕ್ಕಪ್ಪನ ಆಸೆ. ಒಂದು ಭಾನುವಾರ ಹೊರಟೆವು. ಆಷಾಢದ ಗಾಳಿ ಬೀಸುತ್ತಿತ್ತು, ಮೋಡಗಳು ಓಡುತ್ತಿದ್ದವು, ಒಂದು ಹನಿಯೂ ಬೀಳುತ್ತಿರಲಿಲ್ಲ. ನಾನು ತೆಂಗಿನ ನಾರಿನ ಬ್ರಷ್ಷಿನಿಂದ ಕಲ್ಲಿನ ಮೇಲಿನ ಧೂಳು ಒರೆಸುವುದು, ಅವರು ಬೆಳಕಿಗೆ ಕಾದು ಕ್ಲಿಕ್ಕಿಸುವುದು. ಕತ್ತಿ ಹಿಡಿದವನು, ಕುದುರೆ ಏರಿದವನು, ಹುಲಿಗೆ ಎದುರಾದವನು. ಕೊನೆಯದನ್ನು ಮುಗಿಸಿ, ಗುಡ್ಡದ ತಿರುವಿನಲ್ಲಿ ಇನ್ನೊಂದಿದೆ ಎಂದು ಕುರಿ ಕಾಯುವವನೊಬ್ಬ ಹೇಳಿದ್ದನ್ನು ನಂಬಿ ಆ ಕಡೆ ನಡೆದೆವು.

ದಾರಿ ಪಕ್ಕ ಒಂದು ಕಬ್ಬಿಣದ ಕಂಬ ಇತ್ತು. ಬಂಡೆ ಸಿಡಿಸಲು ಮದ್ದು ಹಾರಿಸುವ ದಿನ ಅದಕ್ಕೆ ಕೆಂಪು ಬಾವುಟ ಕಟ್ಟಬೇಕಂತೆ, ಸೈರನ್ ಕೂಗಿಸಬೇಕಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಕಂಬ ಬರಿದಾಗಿತ್ತು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಿರುವು ದಾಟುತ್ತಲೇ ದೂರದಲ್ಲಿ ಬಿಳಿ ಜೀಪೊಂದು ಕಂಡಿತು. ಅದಕ್ಕೆ ಒರಗಿ ಬಿಳಿ ಅಂಗಿಯ ಮನುಷ್ಯನೊಬ್ಬ ನಮ್ಮತ್ತಲೇ ನೋಡುತ್ತಿದ್ದ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಕೂಗಿದ್ದರೆ ಕೇಳಿಸುವಷ್ಟು ದೂರ. ಒಂದು ಕೈ ಎತ್ತಿ ಅಲ್ಲಾಡಿಸಿದ್ದರೆ ನಿಲ್ಲುತ್ತಿದ್ದೆವು. ಅವನು ಎರಡೂ ಕೈ ಎತ್ತಿದ. ಎತ್ತಿ ಕಿವಿ ಮುಚ್ಚಿಕೊಂಡ.

"ಯಾರಮ್ಮ ಅದು, ಕಿವಿ ಮುಚ್ಕೊಂಡವ್ನೆ?" ಎಂದು ಚಿಕ್ಕಪ್ಪ ಕೇಳಿದರು. ಕೇಳುತ್ತಲೇ ಕ್ಯಾಮೆರಾ ಕಣ್ಣಿಗೆ ಏರಿಸಿದರು. ಜೀವನವೆಲ್ಲ ಅದೇ ಮಾಡಿದ ಕೈ. ವಿಚಿತ್ರವಾಗಿ ನಿಂತವರನ್ನು ಕಂಡರೆ ತಾನಾಗಿ ಏಳುತ್ತದೆ.

ಅವರ ಕಿವಿಗೆ ಬಿದ್ದ ಕೊನೆಯ ಮಾತು ಅದು, ಅವರದೇ ಮಾತು. ಗುಡ್ಡ ಎದ್ದು ನಿಂತಂತಾಯಿತು. ಸದ್ದು ನನಗೆ ನೆನಪಿಲ್ಲ, ಎದೆಗೆ ಯಾರೋ ಬಾಗಿಲು ಹಾಕಿದಂತಾದದ್ದು ನೆನಪಿದೆ. ಬಿದ್ದಲ್ಲಿಂದ ತಲೆ ಎತ್ತಿದಾಗ ಆಕಾಶದಿಂದ ಜಲ್ಲಿ ಸುರಿಯುತ್ತಿತ್ತು. ಚಿಕ್ಕಪ್ಪ ಬೋರಲು ಬಿದ್ದಿದ್ದರು. ಒಂದು ಕಲ್ಲು ಅವರ ಎಡಗಾಲಿನ ಮೇಲೆ ಕೂತಿತ್ತು. ಕಿವಿಗಳಿಂದ ರಕ್ತ ಇಳಿಯುತ್ತಿತ್ತು. ಬಾಯಿ ತೆರೆದು ಕೂಗುತ್ತಿದ್ದರು. ತಾವು ಕೂಗುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ.

ಜೀಪಿನ ಕಡೆಯಿಂದ ನಾಲ್ಕೈದು ಜನ ಓಡಿ ಬಂದರು. ಬಿಳಿ ಅಂಗಿಯವನು ಬರಲಿಲ್ಲ. ಬಂದವರಲ್ಲಿ ಒಬ್ಬ, ಮ್ಯಾನೇಜರ್ ಅಂತೆ, "ಆಂಬುಲೆನ್ಸಿಗೆ ಫೋನ್ ಮಾಡ್ಬೇಕು ಕೊಡಮ್ಮ" ಎಂದು ನನ್ನ ಮೊಬೈಲು ಇಸಿದುಕೊಂಡ. ಅದು ಇವತ್ತಿಗೂ ವಾಪಸು ಬಂದಿಲ್ಲ. ಅವನು ನಂಬರು ಒತ್ತುವ ನಾಟಕ ಆಡುತ್ತಿದ್ದಾಗ ಅವನ ಕಣ್ಣು ಸುತ್ತ ಏನನ್ನೋ ಹುಡುಕುತ್ತಿದ್ದುದನ್ನು ಕಂಡೆ. ಕ್ಯಾಮೆರಾ ಚಿಕ್ಕಪ್ಪನ ಎದೆಯ ಕೆಳಗಿತ್ತು. ಆಸ್ಪತ್ರೆಗೆ ಹೊರಟ ಟೆಂಪೋದಲ್ಲಿ, ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದುಪಟ್ಟದ ಅಡಿಯಲ್ಲಿ ಫಿಲ್ಮನ್ನು ಹಿಂದಕ್ಕೆ ಸುತ್ತಿದೆ. ರೋಲನ್ನು ತೆಗೆದು ಊಟದ ಡಬ್ಬಿಯಲ್ಲಿ ಹಾಕಿದೆ. ಬೆರಳು ರಕ್ತದಲ್ಲಿ ಜಾರುತ್ತಿತ್ತು. ಭಯ ಇರಲಿಲ್ಲ ಎಂದರೆ ಸುಳ್ಳು. ಆದರೆ ಭಯಕ್ಕಿಂತ ಮೊದಲು ಬಂದದ್ದು ಇನ್ನೊಂದು: ನಿನ್ನನ್ನು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಮ್ಯಾನೇಜರ್ ಕ್ಯಾಮೆರಾವನ್ನು "ಜೋಪಾನ ಮಾಡ್ತೀನಿ" ಎಂದು ತೆಗೆದುಕೊಂಡ. ಹಿಂದಿನ ಮುಚ್ಚಳ ತೆರೆದು ನೋಡಿದನಂತೆ. ಖಾಲಿ.

ಆ ಬಿಳಿ ಅಂಗಿಯವನೇ ಕ್ರಷರ್ ಮಾಲೀಕ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಕೇಸು ಇನ್ನೂ ನಡೆಯುತ್ತಿದೆ. ಚಿಂತಾಮಣಿಯವನು. ಅವನು ಕೊಟ್ಟ ಹೇಳಿಕೆ ಹೀಗಿತ್ತು: ಸೈರನ್ ಕೂಗಿಸಲಾಗಿತ್ತು, ಬಾವುಟ ಕಟ್ಟಲಾಗಿತ್ತು, ತಾನು ಆ ದಿನ ಸ್ಥಳದಲ್ಲಿರಲಿಲ್ಲ, ಮುದುಕ ಕುಡಿದ ಅಮಲಿನಲ್ಲಿ ಬಾವುಟ ದಾಟಿ ಬಂದ. ರಕ್ತಪರೀಕ್ಷೆ ಯಾರೂ ಮಾಡಿಸಿರಲಿಲ್ಲ; ಎಲ್ಲರೂ ಕಾಲು ಉಳಿಸುವ ಗಡಿಬಿಡಿಯಲ್ಲಿದ್ದರು. ಕುಡುಕ ಎನ್ನುವುದಕ್ಕೆ ಆಧಾರ ಬೇಕಲ್ಲ, ಅದನ್ನೂ ಹುಡುಕಿದರು. ಸ್ಟುಡಿಯೋದ ಒಳಕೋಣೆಯಲ್ಲಿ ಸಾಲಾಗಿ ಬ್ರಾಂದಿ ಬಾಟಲಿಗಳಿವೆ ಎಂದು ಯಾರೋ ಹೇಳಿದರು. ಪೊಲೀಸರು ಮಹಜರಿಗೆ ಬಂದಾಗ ಜೊತೆಗೆ ಮ್ಯಾನೇಜರೂ ಬಂದ. ಒಂದು ಬಾಟಲಿಯ ಬಿರಡೆ ತಿರುಗಿಸಿ, ಮೂಗಿಗೆ ಹಿಡಿದು, ಸ್ವಲ್ಪ ನೆಲಕ್ಕೆ ಚೆಲ್ಲಿ, "ಘಾಟು ನೋಡಿ ಸಾರ್" ಎಂದು ಮತ್ತೆ ಮುಚ್ಚಿಟ್ಟ. ಜಿಲ್ಲಾಡಳಿತ ನಡೆಸಲಿರುವ ವಿಚಾರಣೆಯ ದಿನದವರೆಗೆ ಏನೂ ಅಲುಗಾಡಬಾರದೆಂದು ಡಾರ್ಕ್‌ರೂಮಿನ ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿ ಹೋದರು.

ಚಿಕ್ಕಮ್ಮ ಬೀದಿಗೆ ಬರುವುದನ್ನೇ ಬಿಟ್ಟರು. ಖಾದರ್ ಸಾಬರು ಗಾಡಿ ಬಳಿ ನಿಂತವರಿಗೆಲ್ಲ ಹೇಳುತ್ತಿದ್ದರು, "ನಾರಾಯಣಪ್ಪಾರು ನನ್ ಹತ್ರ ಬರೀ ಸೋಡಾ ಕುಡೀತಾರೆ. ಮಿಕ್ಸ್ ಮಾಡೋರು ಯಾರು ಅಂತ ನಂಗೆ ಗೊತ್ತಿಲ್ವಾ? ಹೆಸರು ಹೇಳ್ಲಾ?" ಅಲ್ಲಿದ್ದ ಇಬ್ಬರು ಮೂವರು ಸುಮ್ಮನೆ ಜಾಗ ಖಾಲಿ ಮಾಡುತ್ತಿದ್ದರಂತೆ.

ಚಿಕ್ಕಪ್ಪನ ಕಾಲು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಕಿವಿ ಉಳಿಯಲಿಲ್ಲ. ನಾನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ, ಅವರು ಬಾಯಲ್ಲಿ ಉತ್ತರ ಕೊಡುತ್ತಿದ್ದರು. ತಮ್ಮ ದನಿ ತಮಗೇ ಕೇಳದ್ದರಿಂದ ಪ್ರತಿ ಮಾತೂ ವಾರ್ಡಿನ ಕೊನೆಯ ಮಂಚದವರೆಗೆ ಹೋಗುತ್ತಿತ್ತು. ರೋಲ್ ನನ್ನ ಬಳಿ ಇದೆ ಎಂದು ಬರೆದೆ.

"ಕಿವಿ ಮುಚ್ಕೊಂಡವ್ನು ಅದ್ರಲ್ಲವ್ನೆ" ಎಂದು ಅವರು ಕೂಗಿದರು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

ಕ್ಲಿಕ್ ಆಯಿತಾ, ನಿಜವಾಗಿ ಆಯಿತಾ ಎಂದು ಬರೆದೆ. ನನಗೆ ಆ ಸದ್ದು ಕೇಳಿರಲಿಲ್ಲ.

ಅವರು ಬಲಗೈ ತೋರುಬೆರಳನ್ನು ಎತ್ತಿ ನೋಡಿಕೊಂಡರು. "ಬೆರಳು ಒತ್ತಿದೀನಿ ಅಂತ ಹೇಳ್ತೈತೆ. ಅಷ್ಟೇ ಗೊತ್ತು ಕಣಮ್ಮ."

ಬೆಂಗಳೂರಿಗೆ ಹೋಗಿ ತೊಳೆಸಿಕೊಂಡು ಬರಲಾ ಎಂದು ಕೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದರು. "ಪ್ರಿಂಟ್ ತಗೊಂಡೋದ್ರೆ ಕಂಪ್ಯೂಟ್ರಲ್ಲಿ ಮಾಡ್ಸಿದ್ದು ಅಂತಾನೆ. ಅವ್ನ್ ಎದುರಿಗೇ ತೊಳಿ. ಯಾವ್ದು ಬ್ರಾಂದಿ ಅಂತ ಬರ್ಕೊಂಡವ್ರೋ ಅದೇ ಬಾಟ್ಲೀಲಿ ತೊಳಿ." ಆಮೇಲೆ ಸ್ವಲ್ಪ ಯೋಚಿಸಿ ಅಷ್ಟೇ ಗಟ್ಟಿಯಾಗಿ ಹೇಳಿದರು. "ಡೆವಲಪರ್ ಜೀವಂತ ಇದ್ರೆ."

ಆ ಮಾತಿನಿಂದಲೇ ನನ್ನ ನಿದ್ದೆ ಕೆಟ್ಟದ್ದು. ಬಾಟಲಿಯೊಳಗಿನದು ತಿಳಿಯಾಗಿ ಉಳಿದರೆ ಒಂದೇ ಏಟಿಗೆ ಎರಡು ಸುಳ್ಳು ಒಡೆಯುತ್ತವೆ, ಕುಡಿದಿದ್ದ ಎಂಬುದೂ ಬಾವುಟ ಇತ್ತು ಎಂಬುದೂ. ಅದು ಕೆಟ್ಟು ಕಂದು ಬಣ್ಣಕ್ಕೆ ತಿರುಗಿದರೆ ನೋಡುವವರ ಕಣ್ಣಿಗೆ ಅದು ಬ್ರಾಂದಿಯೇ. ಫಿಲ್ಮೂ ಹಾಳು. ಚಿಕ್ಕಪ್ಪ ಸಾಯುವವರೆಗೆ ಕುಡುಕ, ಸತ್ತ ಮೇಲೂ ಕುಡುಕ.

ಮಾಲೀಕನಿಗೆ ಡೆವಲಪರ್ ಎಂದರೇನೆಂದು ಗೊತ್ತಿರಲಿಲ್ಲ, ಆದರೂ ಅದನ್ನು ಕೊಲ್ಲುವ ದಾರಿಯನ್ನೇ ಹಿಡಿದಿದ್ದ. ವಿಚಾರಣೆಯನ್ನು ಮುಂದಕ್ಕೆ ಹಾಕಿಸುತ್ತಾ ಹೋದ. ಒಂದು ಸಲ ಅವನಿಗೆ ಜ್ವರ, ಒಂದು ಸಲ ವಕೀಲರಿಗೆ ಬೇರೆ ಕೆಲಸ, ಇನ್ನೊಂದು ಸಲ ಅಧಿಕಾರಿಯೇ ಬರಲಿಲ್ಲ. ಆಷಾಢ ಮುಗಿಯಿತು. ಶ್ರಾವಣ ಬಂದರೂ ಮಳೆ ಬರಲಿಲ್ಲ. ಡಾರ್ಕ್‌ರೂಮಿನ ಮೇಲೆ ತಗಡಿನ ಮಾಡು. ಮಧ್ಯಾಹ್ನ ಬಾಗಿಲಿಗೆ ಕೈ ಇಟ್ಟರೆ ಬೆಚ್ಚಗಿರುತ್ತಿತ್ತು. ಮುದ್ರೆ ಮುಟ್ಟುವಂತಿಲ್ಲ. ಆದರೆ ಆ ಕೋಣೆಯ ನೆಲ ಮೂಲೆಯ ಮರಳಿನ ತೊಟ್ಟಿಯ ಕಡೆಗೆ ಇಳಿಜಾರು. ಕಾಲೇಜಿಗೆ ಹೊರಡುವ ಮುಂಚೆ ಒಂದು ಚೊಂಬು ನೀರನ್ನು ಬಾಗಿಲ ಸಂದಿಯಿಂದ ನಿಧಾನಕ್ಕೆ ಬಿಡುತ್ತಿದ್ದೆ. ನೀರು ಹರಿದು ಮರಳು ಸೇರುವುದನ್ನು ಮನಸ್ಸಿನಲ್ಲೇ ನೋಡುತ್ತಿದ್ದೆ. ಗಿಡಕ್ಕೆ ನೀರು ಹಾಕುವವರ ಮುಖದಲ್ಲಿ ಒಂದು ಪ್ರೀತಿ ಇರುತ್ತದಲ್ಲ, ನನ್ನ ಮುಖದಲ್ಲಿ ಇದ್ದದ್ದು ಅದಲ್ಲ. ನೆಲದ ಮೇಲೆ ಕೂತು ಬಾಗಿಲ ಸಂದಿಗೆ ಬಾಯಿಟ್ಟು ಅವನಿಗೆ ಶಾಪ ಹಾಕುತ್ತಿದ್ದೆ. ಒಂದು ದಿನ ಚಿಕ್ಕಮ್ಮ ಹಿಂದೆ ನಿಂತು ಕೇಳಿಸಿಕೊಂಡರು.

"ನಿಂದು ಕರಿನಾಲಿಗೆ ಕಣೇ, ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ" ಎಂದರು. ನಾನು ಎದ್ದು ನಿಂತೆ. ಅವರು ಹೊರಟುಹೋಗುತ್ತಾರೆಂದುಕೊಂಡರೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ನೀರು ತುಂಬಿಸಿ ಕೊಟ್ಟರು. "ಇನ್ನೊಂದು ಚೊಂಬು ಬಿಡು. ಇನ್ನೊಂದ್ ಸಲ ಹೇಳು."

ಕೊನೆಗೆ ಒಂದು ಬುಧವಾರ ವಿಚಾರಣೆ ನಡೆಯಿತು, ಚಿಕ್ಕಪ್ಪನಿಗೆ ಓಡಾಡಲಾಗದ್ದರಿಂದ ಸ್ಟುಡಿಯೋದಲ್ಲೇ. ಕನ್ನಡಕ ಹಾಕಿದ, ಹೆಚ್ಚು ಮಾತಾಡದ ಮಹಿಳಾ ಅಧಿಕಾರಿ ಬಂದರು. ಚಿಕ್ಕಪ್ಪನನ್ನು ಮಂಚ ಸಮೇತ ಹೊರಕೋಣೆಗೆ ತಂದಿದ್ದೆವು. ಮಾಲೀಕ ಅವತ್ತೂ ಬಿಳಿ ಅಂಗಿ ಹಾಕಿದ್ದ. ಕೂರಲು ಬೇರೆ ಜಾಗ ಇರಲಿಲ್ಲ, ಗಿರಾಕಿಗಳು ಫೋಟೊ ತೆಗೆಸಿಕೊಳ್ಳುವ ಸ್ಟೂಲಿನ ಮೇಲೆ ಕೂತ. ಅವನ ಹಿಂದೆ ಬಣ್ಣ ಬಳಿದ ಪರದೆ: ಜಲಪಾತ, ಎರಡು ಹಂಸ.

ಮುದ್ರೆ ಒಡೆದರು. ಬಾಟಲಿಗಳನ್ನು ಹೊರಗೆ ತಂದು ಟೇಬಲ್ಲಿನ ಮೇಲೆ ಇಟ್ಟರು. ಕಂದು ಗಾಜಿನ ಒಳಗಿನ ಬಣ್ಣ ಹೊರಗಿನಿಂದ ತಿಳಿಯುವುದಿಲ್ಲ. "ಯಾವ್ದಾದ್ರೂ ಒಂದು ತೆಗೀರಿ" ಎಂದರು ಅಧಿಕಾರಿ. ನಾನು ಕೈ ಚಾಚುವ ಮೊದಲೇ ಮ್ಯಾನೇಜರ್ ಒಂದನ್ನು ಎತ್ತಿಕೊಂಡು ಗಾಜಿನ ಲೋಟಕ್ಕೆ ಸುರಿದ.

ಕಡು ಕಂದು. ಅದರ ಜೊತೆ ಗೋಲಿಯೂ ಟಣ್ಣೆಂದು ಲೋಟಕ್ಕೆ ಬಿತ್ತು.

"ಏನ್ ಮೇಡಂ, ನೀವೇ ನೋಡಿ" ಎಂದ ಮ್ಯಾನೇಜರ್. "ಗೋಲಿ ಬೇರೆ ಹಾಕವ್ರೆ, ಐಸ್ ಸಿಗ್ಲಿಲ್ಲ ಅಂತ ಕಾಣ್ಸುತ್ತೆ."

ಮಾಲೀಕ ನಕ್ಕ. ಮಂಚದ ಮೇಲಿಂದ ಚಿಕ್ಕಪ್ಪ ಆ ಲೋಟವನ್ನೇ ನೋಡುತ್ತಿದ್ದರು. ಅವರಿಗೆ ಮಾತು ಕೇಳಿಸಿರಲಿಲ್ಲ, ಬಣ್ಣ ಕಂಡಿತ್ತು. "ಆ ಬಾಟ್ಲಿ ಯಾರೋ ತೆಗ್ದವ್ರೆ" ಎಂದು ಕೂಗಿದರು. "ನಾನು ತುಂಬ್ಸಿದ್ದು ಹಿಂಗಾಗಲ್ಲ. ಗಾಳಿ ಹೋಗೈತೆ."

ಆಗ ನನಗೆ ಹೊಳೆಯಿತು. ಮಹಜರಿನ ದಿನ ಬಿರಡೆ ತೆಗೆದು, ಮೂಸಿ, ಚೆಲ್ಲಿ, ಮುಚ್ಚಿದ್ದು ಇದೇ ಬಾಟಲಿ, ಇದೇ ಕೈ. ಅಧಿಕಾರಿಗೆ ಅದನ್ನು ಹೇಳಿದೆ. ಅವರು ಪೊಲೀಸರ ಕಡೆ ನೋಡಿದರು, ಪೊಲೀಸರು ಹೌದೆಂದರು. "ಇನ್ನೊಂದು ತೆಗೀರಿ. ನೀವಲ್ಲ" ಎಂದು ಮ್ಯಾನೇಜರನ ಕೈ ತಡೆದರು. "ಆಯಮ್ಮ ತೆಗೀಲಿ."

ಬಾಟಲಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿದೆ. ಗಾಳಿ ಇದ್ದರೆ ಗುಳ್ಳೆ ಓಡುತ್ತದೆ. ಗುಳ್ಳೆ ಓಡದ ಒಂದು ಸಿಕ್ಕಿತು. ಬಿರಡೆ ತಿರುಗಿಸಿ ಹೊಸ ಲೋಟಕ್ಕೆ ಬಗ್ಗಿಸಿದೆ. ನೀರು. ಬಾವಿಯಿಂದ ಆಗತಾನೇ ಸೇದಿದ ನೀರಿನ ಹಾಗಿತ್ತು. ಅಧಿಕಾರಿ ಲೋಟ ಎತ್ತಿ ಮೂಸಿದರು. "ಇದು ಯಾವ ಬ್ರಾಂದಿ?" ಎಂದು ಮ್ಯಾನೇಜರನನ್ನು ಕೇಳಿದರು. ಅವನು ಜಿನ್ ಇರಬಹುದು ಎಂದ. ಬಾಗಿಲಲ್ಲಿ ನಿಂತಿದ್ದ ಖಾದರ್ ಸಾಬರು, "ಬ್ರಾಂದಿ ಬಾಟ್ಲಿಗೆ ಜಿನ್ನು ತುಂಬಿ ಗೋಲಿ ಹಾಕೋ ಕುಡುಕನ್ನ ನಾನು ಇದುವರ್ಗೂ ನೋಡಿಲ್ಲ ಸಾಬ್" ಎಂದರು.

ಡಬ್ಬಿಯಿಂದ ರೋಲ್ ತೆಗೆದೆ. ಪ್ರತಿ ರೋಲಿನಿಂದಲೂ ನಾಲಿಗೆಯ ಹಾಗೆ ಒಂದು ತುದಿ ಹೊರಗೆ ಚಾಚಿರುತ್ತದೆ. ಅದು ಬೆಳಕು ಕಂಡದ್ದು. ಅದರಲ್ಲಿ ಚಿತ್ರ ಇರುವುದಿಲ್ಲ. ಅದನ್ನು ಕತ್ತರಿಸಿ ಲೋಟದಲ್ಲಿ ಬಿಟ್ಟೆ. ಡೆವಲಪರ್ ಜೀವಂತ ಇದ್ದರೆ ತುಂಡು ಕಪ್ಪಾಗುತ್ತದೆ, ಸತ್ತಿದ್ದರೆ ಹಾಗೇ ಇರುತ್ತದೆ ಎಂದು ಹೇಳಿದೆ. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಮೊದಲು ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಅಂಚಿನಲ್ಲಿ ಬೂದಿಯ ಬಣ್ಣ ಮೂಡಿತು, ಒಳಕ್ಕೆ ಹಬ್ಬಿತು, ಇಡೀ ತುಂಡು ಇದ್ದಿಲಾಯಿತು. ಚಿಕ್ಕಮ್ಮ ಬಾಗಿಲ ಮರೆಯಿಂದ ನನ್ನ ಕಡೆ ನೋಡಿದರು. ನನ್ನ ಕರಿನಾಲಿಗೆಯನ್ನು ನೆನೆದರೆಂದು ನನಗೆ ಗೊತ್ತು.

"ಈಗ ಇದೇ ದ್ರವದಲ್ಲಿ ನಿಮ್ಮೆದುರೇ ಫಿಲ್ಮ್ ತೊಳೀತೀನಿ, ಮೇಡಂ" ಎಂದೆ.

ಮಾಲೀಕ ಎದ್ದು ನಿಂತ. "ನಂಗೆ ಚಿಕ್ಕಬಳ್ಳಾಪುರದಲ್ಲಿ ಕೆಲ್ಸ ಐತೆ."

"ಕೂತ್ಕೊಳ್ಳಿ" ಎಂದರು ಅಧಿಕಾರಿ.

ತೋಳಿರುವ ಕಪ್ಪು ಚೀಲದೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದೆ, ಫಿಲ್ಮನ್ನು ಸುರುಳಿಗೆ ಸುತ್ತಬೇಕು. ನೂರಾರು ಸಲ ಮಾಡಿದ ಕೆಲಸ. ಅವತ್ತು ಎರಡು ಸಲ ತಪ್ಪಿತು. ಫಿಲ್ಮ್ ಮಡಚಿಕೊಂಡರೆ ಮಡಚಿದಲ್ಲಿ ಚಿತ್ರ ಹಾಳಾಗುತ್ತದೆ. ತಲೆ ಎತ್ತಿದಾಗ ಮಾಲೀಕ ನನ್ನನ್ನೇ ನೋಡುತ್ತಿದ್ದ, ಜೀಪಿನ ಬಳಿ ನಿಂತು ನೋಡಿದ್ದನಲ್ಲ, ಅದೇ ಕಣ್ಣು. ಆಗ ಮೂರನೆಯ ಸಲಕ್ಕೆ ಫಿಲ್ಮ್ ಸರಾಗವಾಗಿ ಸುತ್ತಿಕೊಂಡಿತು. ಸಿಟ್ಟಿನಿಂದ ಏನೂ ಉಪಯೋಗವಿಲ್ಲ ಎನ್ನುವವರಿಗೆ ನಾನು ಈ ಗಳಿಗೆಯನ್ನು ಹೇಳುತ್ತೇನೆ.

ಬೆಳಕು ನುಗ್ಗದ ಡಬ್ಬದಲ್ಲಿ ಸುರುಳಿ ಕೂತಿತು. ಲೋಟದಲ್ಲಿ ಕಪ್ಪಾದ ತುಂಡನ್ನು ಎತ್ತಿಟ್ಟು, ಅದೇ ಡೆವಲಪರ್‌ಗೆ ಅಷ್ಟೇ ನೀರು ಬೆರೆಸಿ ಸುರಿದೆ. ಆಗಾಗ ತಲೆಕೆಳಗು ಮಾಡಿ, ಮತ್ತೆ ಇಟ್ಟು, ಮತ್ತೆ ತಲೆಕೆಳಗು ಮಾಡಿ. ಮಾಲೀಕ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಹೊತ್ತು ಹೋಗದಿದ್ದರೆ ಮನುಷ್ಯ ಹೇಗಿರುತ್ತಾನೆ ಎಂದು ಅವನಿಗೂ ತಿಳಿಯಲಿ ಎಂದುಕೊಂಡೆ. ಡೆವಲಪರ್ ಚೆಲ್ಲಿ, ನೀರಾಡಿಸಿ, ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ದ್ರವ ಸುರಿದೆ. ಫಿಲ್ಮ್ ಬೆಳಕಿಗೆ ತಡೆಯಬೇಕಾದರೆ ಹೈಪೋ ಕುಡಿಯಲೇಬೇಕು. ಅದೂ ಆಯಿತು. ಮುಚ್ಚಳ ತೆಗೆದು ಒದ್ದೆ ಸುರುಳಿಯನ್ನು ಬಿಚ್ಚುತ್ತಾ ಹೋದೆ.

ಕತ್ತಿ ಹಿಡಿದವನು ಬಂದ. ಕುದುರೆ ಏರಿದವನು ಬಂದ. ಹುಲಿಗೆ ಎದುರಾದವನು. ಅದಾದ ಮೇಲೆ, ಕಟ್ಟಕಡೆಯದಾಗಿ, ಒಂದು ಬರಿದಾದ ಕಂಬ, ಅದರಾಚೆ ಒಂದು ಜೀಪು, ಜೀಪಿಗೆ ಒರಗಿ ಒಬ್ಬ ಮನುಷ್ಯ. ನೆಗೆಟಿವ್‌ನಲ್ಲಿ ಅವನ ಬಿಳಿ ಅಂಗಿ ಕಪ್ಪಾಗಿತ್ತು, ತಲೆಕೂದಲು ಬೆಳ್ಳಗಿತ್ತು. ಎರಡು ಮೊಣಕೈಗಳು ರೆಕ್ಕೆಯಂತೆ ಎರಡು ಕಡೆ ಎದ್ದಿದ್ದವು. ಅಧಿಕಾರಿ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ತಲೆ ಎತ್ತಿ ಸ್ಟೂಲಿನ ಮೇಲೆ ಕೂತವನನ್ನು ನೋಡಿದರು. ಮತ್ತೆ ಬಗ್ಗಿದರು.

"ನೀವು ಆ ದಿನ ಸ್ಥಳದಲ್ಲಿ ಇರ್ಲಿಲ್ಲ ಅಂತ ಬರ್ಸಿದೀರಲ್ವಾ?" ಎಂದು ಕೇಳಿದರು.

ಅವನು ಮ್ಯಾನೇಜರನ ಕಡೆ ತಿರುಗಿದ. ಚಿಕ್ಕಪ್ಪ ಮಂಚದ ಮೇಲಿಂದ, "ಬಂದ್ನಾ?" ಎಂದು ಕೂಗಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ತೋರುಬೆರಳು ಎತ್ತಿ ಎಲ್ಲರಿಗೂ ತೋರಿಸಿದರು. "ಹಂಗಾದ್ರೆ ಸಾಹುಕಾರ್ರಿಗೆ ಒಂದ್ ಸೋಡಾ ಕೊಡಪ್ಪ ಖಾದರು. ಗಂಟ್ಲು ಒಣಗಿರ್ತೈತೆ."

ಖಾದರ್ ಸಾಬರು ಬಾಗಿಲಲ್ಲೇ ಬಾಟಲಿ ಹಿಡಿದು ಹೆಬ್ಬೆರಳಿನಿಂದ ಗೋಲಿ ಒತ್ತಿದರು. ಠಪ್ ಎಂದು ಸದ್ದಾಯಿತು. ಮಾಲೀಕನ ಕೈಗಳು ಎದ್ದವೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಕೈಗಳು ಎದ್ದಿದ್ದವು. ಕಣ್ಣು ಮುಚ್ಚಿ, ಕಿವಿ ಮುಚ್ಚಿ, ಟೇಬಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದೆ. ಚಿಕ್ಕಮ್ಮ ಬಂದು ಎಬ್ಬಿಸಿದರು. ಗೆದ್ದ ದಿನವೂ ಅವನು ತನ್ನ ಭಂಗಿಯಲ್ಲಿ ನನ್ನನ್ನು ಕೂರಿಸಿದನಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಚಿಕ್ಕಪ್ಪ ಕುಡಿದಿದ್ದರು ಎಂಬ ಮಾತು ಕಡತದಿಂದ ಹೋಯಿತು. ಕ್ರಷರ್ ನಿಂತಿತು. ಕೇಸು ಚಿಕ್ಕಬಳ್ಳಾಪುರದ ಕೋರ್ಟಿಗೆ ಹೋಯಿತು, ಅಲ್ಲೇ ಇದೆ. ಆ ದೀಪಾವಳಿಗೆ ಮುಂಚೆ ರಾಜಿ ಮಾಡಿಸಲು ಇಬ್ಬರು ಹಿರಿತಲೆಗಳು ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದರು. ಚಿಕ್ಕಪ್ಪನ ಪಕ್ಕ ಕೂತು ಮೆಲ್ಲಗೆ ಶುರು ಮಾಡಿದರು.

"ಏನು?" ಎಂದರು ಚಿಕ್ಕಪ್ಪ.

ಅವರು ದನಿ ಸ್ವಲ್ಪ ಏರಿಸಿದರು. ಚಿಕ್ಕಪ್ಪ ಕೈಯನ್ನು ಕಿವಿಗೆ ಚಿಪ್ಪಿನಂತೆ ಹಿಡಿದು, "ಏನಪ್ಪ? ಜೋರಾಗಿ ಹೇಳಿ, ನಂಗೆ ಕಿವಿ ಹೋಗೈತೆ" ಎಂದರು. ಸ್ಲೇಟು ನನ್ನ ಕೈಯಲ್ಲೇ ಇತ್ತು. ನಾನು ಕೊಡಲಿಲ್ಲ. ಕೊನೆಗೆ ಅವರಲ್ಲಿ ದೊಡ್ಡವರು ತಾಳ್ಮೆ ಕಳೆದುಕೊಂಡು ಗಂಟಲು ಕಿತ್ತು ಹೋಗುವಂತೆ ಕೂಗಿದರು: "ಕೇಸು ವಾಪಸ್ ತಗೊಂಡ್ರೆ ಅವ್ರು ತಪ್ಪು ಒಪ್ಕೋತಾರಂತೆ, ಒಳಗೊಳಗೇ." ಎದುರಿನ ಗಾಡಿ, ಪಕ್ಕದ ದರ್ಜಿ ಅಂಗಡಿ, ಹಿಂದಿನ ಬೀದಿಯ ನೂಲು ಬಿಚ್ಚುವ ಹೆಂಗಸರು, ಎಲ್ಲರೂ ಕೆಲಸ ನಿಲ್ಲಿಸಿ ಕೇಳಿಸಿಕೊಂಡರು.

"ಕೇಳಿಸ್ಲಿಲ್ಲ" ಎಂದರು ಚಿಕ್ಕಪ್ಪ. ಬುಟ್ಟಿಯಿಂದ ಒಂದು ಸೇಬು ತೆಗೆದು ಒರೆಸಿ ಕಚ್ಚಿದರು. "ಹಣ್ಣು ಮಾತ್ರ ಚೆನ್ನಾಗೈತೆ."

ಆ ವಾರವೇ ಕೊನೆಯ ಚಿತ್ರವನ್ನು ದೊಡ್ಡದು ಮಾಡಿ ಶೋಕೇಸಿನಲ್ಲಿ ಹಾಕಿದೆ. ಒಂದು ಕಡೆ ಮದುಮಕ್ಕಳು, ಇನ್ನೊಂದು ಕಡೆ ಬೆಣ್ಣೆ ಮಡಕೆ ಹಿಡಿದ ಕೃಷ್ಣನ ವೇಷದ ಮಗು, ನಡುವೆ ಕಿವಿ ಮುಚ್ಚಿಕೊಂಡ ಮನುಷ್ಯ. ಹೆಸರು ಬರೆದಿಲ್ಲ, ಊರು ಬರೆದಿಲ್ಲ. ಬರೆಯುವ ಅಗತ್ಯ ಬೀಳಲಿಲ್ಲ. ಚಿಂತಾಮಣಿಯಿಂದ ಕೋರ್ಟಿಗೆ ಹೋಗುವವರು ಶಿಡ್ಲಘಟ್ಟದ ಮುಖ್ಯರಸ್ತೆಯಲ್ಲೇ ಹೋಗಬೇಕು. ಈಗ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲವಂತೆ, ಚಿಂತಾಮಣಿಯಲ್ಲೂ. "ಕಿವಿ" ಎನ್ನುತ್ತಾರೆ. ಅವನ ಕಾರು ಕಂಡರೆ ನಮ್ಮ ಆಟೊ ಸ್ಟ್ಯಾಂಡಿನವರು ಎರಡೂ ಕೈ ಎತ್ತಿ ನಮಸ್ಕಾರ ಮಾಡಲು ಹೋದಂತೆ ಮಾಡಿ ಕಿವಿಗೆ ಒಯ್ಯುತ್ತಾರೆ.

ಫೋಟೊ ತೆಗೆಯಿರಿ ಎಂದು ವಕೀಲರ ನೋಟಿಸು ಬಂತು. ಅದರಲ್ಲಿರುವುದು ನಿಮ್ಮ ಕಕ್ಷಿದಾರರೇ ಎಂದು ಒಪ್ಪಿ ಬರೆದುಕೊಟ್ಟರೆ ತೆಗೆಯುತ್ತೇವೆ ಎಂದು ಉತ್ತರ ಕಳಿಸಿದೆವು. ಆಮೇಲೆ ನೋಟಿಸು ಬರಲಿಲ್ಲ.

ಇಷ್ಟಾದ ಮೇಲೂ ಸಿಟ್ಟು ಇಳಿಯಬೇಕಲ್ಲವೇ ಎಂದು ಕಾಲೇಜಿನ ಗೆಳತಿಯೊಬ್ಬಳು ಕೇಳಿದಳು. ಮದುವೆಯ ಪಟಾಕಿ ಹೊಡೆದರೆ ನಾನು ಬೋರ್ಡಿನ ಕೆಳಗೆ ಕೂರುತ್ತೇನೆ. ಮಕ್ಕಳು ಕಾಯುತ್ತಾರೆ, ಎದ್ದು ಸೀಮೆಸುಣ್ಣ ಹುಡುಕುತ್ತೇನೆ. ಚಿಕ್ಕಪ್ಪ ಈಗಲೂ ಬಾಗಿಲಲ್ಲಿ ಕೂತು ಗಿರಾಕಿಗಳ ತುಟಿ ನೋಡುತ್ತಾರೆ. ಇಳಿಯಲಿ ಎಂದು ನಾನು ಬಯಸಿದ್ದರೆ ತಾನೇ ಇಳಿಯುವುದು.

ಹೋದ ವಾರ ಕೋರ್ಟಿನ ವಾಯಿದೆ ಇತ್ತು. ಗೂಡಿನ ಮಾರುಕಟ್ಟೆಯ ಗಾಡಿಗಳು ಅಡ್ಡಬಂದು ಅವನ ಕಾರು ಸರಿಯಾಗಿ ನಮ್ಮ ಅಂಗಡಿಯ ಮುಂದೆ ನಿಂತಿತು. ನಾನು ಶೋಕೇಸಿನ ಗಾಜು ಒರೆಸುತ್ತಿದ್ದೆ. ಕಿಟಕಿ ಇಳಿಸಿಕೊಂಡು ಕೂತಿದ್ದವನು ನನ್ನನ್ನು ನೋಡಿದ, ನನ್ನ ಹಿಂದಿನ ತನ್ನನ್ನು ನೋಡಿದ. ಮುದುಕನಾಗಿದ್ದಾನೆ. ನನಗೆ ಕನಿಕರ ಬರಲಿಲ್ಲ, ಬರುತ್ತದೇನೋ ಎಂದು ಕಾದು ನೋಡಿದೆ. ಅವನು ಗಾಜು ಏರಿಸಿಕೊಂಡ. ಆಗ ಕಂಡಿತು, ಬಿಸಿಲಿಗೆ ನಮ್ಮ ಫೋಟೊ ಮತ್ತೆ ಹಳದಿಗೆ ತಿರುಗುತ್ತಿದೆ. ಅವನ ಮೊಣಕೈ ಹಿನ್ನೆಲೆಯಲ್ಲಿ ಮಸುಕಾಗುತ್ತಿದೆ.

ಅದಕ್ಕೇ ಈ ಬೆಳಗ್ಗೆ ಕಲಸಿದ್ದು. ಕಾಗದಕ್ಕೆ ಬೇರೆ ಡೆವಲಪರ್, ಕಾಪಾಡುವ ಕ್ರಮ ಒಂದೇ. ಇವತ್ತು ಒಂದು ಪ್ರಿಂಟು ಹಾಕುತ್ತೇನೆ, ಹಿಂದಿನದಕ್ಕಿಂತ ಸ್ವಲ್ಪ ಗಾಢವಾಗಿ. ಉಳಿದದ್ದನ್ನು ಕ್ವಾರ್ಟರ್ ಬಾಟಲಿಗಳಿಗೆ ತುಂಬಿಸಿದೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು, ಕೊನೆಯ ಬಾಟಲಿಯ ಕತ್ತಿನ ಕಡೆ ಬೆರಳು ತೋರಿಸಿದರು. ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಗೋಲಿ ಬಿಟ್ಟೆ. ದ್ರವ ಏರಿ ಬಾಯಿಯ ಅಂಚಿನಲ್ಲಿ ಉಬ್ಬಿ ನಿಂತಿತು. ಬಿರಡೆ ತಿರುಗಿಸಿ, ಬಗ್ಗಿಸಿ ನೋಡಿದೆ. ಗುಳ್ಳೆ ಓಡಲಿಲ್ಲ. ಒದ್ದೆ ಮರಳಿನಲ್ಲಿ ಒತ್ತಿ ನಿಲ್ಲಿಸಿದೆ.

ಮುಂದಿನ ವಾಯಿದೆ ಕಾರ್ತೀಕದಲ್ಲಿದೆ. ಅಲ್ಲಿಯವರೆಗೆ ಇದು ಕೆಡುವುದಿಲ್ಲ.